ಜೋಡಿ ಮೊಲಗಳಲ್ಲಿ ಹೊಟ್ಟೆಕಿಚ್ಚು, ದಬ್ಬಾಳಿಕೆ: ಕಾರಣ ಹುಡುಕಿ ಸರಿಪಡಿಸುವ ಬಗೆ

ಒಂದನ್ನು ಸವರಲು ಕೂತರೆ ಇನ್ನೊಂದು ಓಡಿಬಂದು ಅದನ್ನು ಅಟ್ಟುತ್ತದೆ. ಪೆಲೆಟ್ (ಗುಳಿಗೆಯಂಥ ಒಣ ತಿಂಡಿ) ಹಾಕಿದ ಬಟ್ಟಲಿಗೆ ಒಂದೇ ಮೂತಿ ಇಟ್ಟು, ಇನ್ನೊಂದನ್ನು ಹತ್ತಿರ ಬಿಡುವುದಿಲ್ಲ. ಒಂದು ಇನ್ನೊಂದರ ಮೇಲೆ ಮತ್ತೆ ಮತ್ತೆ ಏರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಕಿತ್ತು ಬಿದ್ದ ತುಪ್ಪಳ. ಇಷ್ಟು ಕಂಡರೆ ಸಾಕು, ಮನೆಯವರೆಲ್ಲ ಒಂದೇ ಮಾತು ಹೇಳುತ್ತಾರೆ: ಇದಕ್ಕೆ ಹೊಟ್ಟೆಕಿಚ್ಚು.

ಹಾಗೆ ಹೇಳಿ ಕೂತರೆ ಏನೂ ಸರಿಹೋಗುವುದಿಲ್ಲ. ಹೊಟ್ಟೆಕಿಚ್ಚಿನಂತೆ ಕಾಣುವ ನಡವಳಿಕೆಯ ಹಿಂದೆ ಸಾಮಾನ್ಯವಾಗಿ ಇರುವುದು ಈ ನಾಲ್ಕರಲ್ಲಿ ಒಂದು: ಮೈಯಲ್ಲಿ ನೋವು, ಹಾರ್ಮೋನು, ಜಾಗದ ತಕರಾರು, ಇಲ್ಲವೇ ನಾವು ನಡೆದುಕೊಳ್ಳುವ ರೀತಿ. ಈ ಕ್ರಮವನ್ನು ಬೇಕೆಂದೇ ಇಟ್ಟಿದ್ದೇನೆ. ನೋವಿರುವ ಮೊಲಕ್ಕೆ ಎಷ್ಟು ದೊಡ್ಡ ಜಾಗ ಕೊಟ್ಟರೂ ಅದು ಕಚ್ಚುತ್ತದೆ. ಹಾರ್ಮೋನು ಕುದಿಯುತ್ತಿರುವಾಗ ಬಟ್ಟಲು ಎರಡು ಮಾಡಿದರೂ ಅಟ್ಟುವುದು ನಿಲ್ಲುವುದಿಲ್ಲ. ಹಾಗಾಗಿ ಮೇಲಿನಿಂದ ಒಂದೊಂದೇ ನೋಡುತ್ತಾ ಬನ್ನಿ.

ಅದಕ್ಕೂ ಮೊದಲು: ಇದು ನಿಜವಾಗಿ ಜಗಳವೇ?

ನಾವು ಸಾಕುವ ಎಲ್ಲ ಮೊಲಗಳ ಮೂಲ ಯುರೋಪಿನ ಕಾಡು ಮೊಲ. ಅವು ಬಿಲ ತೋಡಿ ಗುಂಪಾಗಿ ಬದುಕುತ್ತವೆ. ಗುಂಪಿನಲ್ಲಿ ಗಂಡುಗಳಲ್ಲೇ ಒಂದು ಮೇಲು-ಕೀಳು, ಹೆಣ್ಣುಗಳಲ್ಲೇ ಒಂದು ಮೇಲು-ಕೀಳು ಇರುತ್ತದೆ. ನಮ್ಮ ಮನೆಯಲ್ಲಿ ಇರುವುದು ಎರಡೇ ಆದರೂ ಈ ಲೆಕ್ಕಾಚಾರ ತಪ್ಪುವುದಿಲ್ಲ. ಯಾರು ಮೇಲೆ ಅನ್ನುವುದು ತೀರ್ಮಾನ ಆಗಲೇಬೇಕು. ಅದು ಆಗುವುದು ಅಟ್ಟುವುದರಿಂದ, ಮೇಲೇರುವುದರಿಂದ, ಸಣ್ಣಗೆ ಚಿವುಟಿದಂತೆ ಕಚ್ಚುವುದರಿಂದ. ಇದನ್ನೆಲ್ಲ ತಡೆಯುತ್ತಾ ಹೋದರೆ ತೀರ್ಮಾನವೇ ಆಗುವುದಿಲ್ಲ, ತಕರಾರು ಎಳೆದಾಡುತ್ತಲೇ ಇರುತ್ತದೆ.

ಬಿಡಬಹುದಾದದ್ದು ಹೀಗಿರುತ್ತದೆ: ಒಂದು ಅಟ್ಟುತ್ತದೆ, ಇನ್ನೊಂದು ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಅಟ್ಟಿದ್ದೂ ನಿಲ್ಲುತ್ತದೆ. ಮೇಲೇರಿದಾಗ ಕೆಳಗಿನದು ನೆಲಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ, ಇಲ್ಲವೇ ಜಾರಿಕೊಂಡು ಹೋಗುತ್ತದೆ. ಆಮೇಲೆ ಎರಡೂ ಹುಲ್ಲು ತಿನ್ನಲು ಹೋಗುತ್ತವೆ, ಮುಖ ತೊಳೆದುಕೊಳ್ಳುತ್ತವೆ. ಅಲ್ಲೊಂದು ಇಲ್ಲೊಂದು ಕೂದಲು ಬಿದ್ದಿರಬಹುದು. ಹೆಣ್ಣು ಗಂಡಿನ ಮೇಲೆ ಏರಿದರೂ, ಹೆಣ್ಣು ಹೆಣ್ಣಿನ ಮೇಲೆ ಏರಿದರೂ ಗಾಬರಿ ಬೇಡ. ಅದು ಯಜಮಾನಿಕೆ ತೋರಿಸುವ ರೀತಿ ಕೂಡ ಹೌದು. ಒಂದನ್ನು ಮಾತ್ರ ತಕ್ಷಣ ತಡೆಯಿರಿ: ತಲೆಯ ಕಡೆಯಿಂದ ಮೇಲೇರುವುದು. ಮೇಲಿರುವುದು ಗಂಡಾದರೆ ಅದರ ಮರ್ಮಾಂಗ ಕೆಳಗಿನದರ ಬಾಯಿಯ ಹತ್ತಿರವೇ ಬರುತ್ತದೆ. ಒಂದು ಕಚ್ಚಿದರೆ ಗಾಯ ಬಹಳ ಕೆಟ್ಟದಾಗಿರುತ್ತದೆ. ಮೇಲಿನದನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ.

ಕಾಳಜಿ ಮಾಡಬೇಕಾದದ್ದು ಬೇರೆ. ಕಿವಿ ಬೆನ್ನಿಗೆ ಬಿಗಿದಂತೆ ಹಿಂದಕ್ಕೆ ಹೋಗಿದೆ, ಬಾಲ ನೆಟ್ಟಗೆ ನಿಂತಿದೆ, ಗುರ್ ಎನ್ನುತ್ತಾ ಮುಂಗಾಲು ಬೀಸಿ ಮುನ್ನುಗ್ಗುತ್ತಿದೆ. ಎರಡೂ ಒಂದರ ಬಾಲಕ್ಕೆ ಇನ್ನೊಂದು ಮೂತಿ ಹಚ್ಚಿ ಜೋರಾಗಿ ಸುತ್ತು ಹೊಡೆಯುತ್ತಿವೆ. ಇದು ಹೊಡೆದಾಟದ ಹಿಂದಿನ ಕ್ಷಣ. ಈಗಲೇ ನಡುವೆ ಒಂದು ರಟ್ಟು ಅಥವಾ ಟ್ರೇ ಇಳಿಸಿ. ತಡವಾಗಿ ಎರಡೂ ಒಂದನ್ನೊಂದು ಕಚ್ಚಿ ಹಿಡಿದು ಉರುಳಾಡುತ್ತಿದ್ದರೆ ಬರಿಗೈ ಹಾಕಬೇಡಿ. ಆ ಹೊತ್ತಿನಲ್ಲಿ ಅವಕ್ಕೆ ನಿಮ್ಮ ಕೈ ಯಾವುದು, ಎದುರಾಳಿ ಯಾವುದು ಎಂಬ ಗುರುತು ಇರುವುದಿಲ್ಲ. ದಪ್ಪ ಟವೆಲ್ ಮೇಲೆ ಹಾಕಿ ಬಿಡಿಸಿ. ಒಂದು ದಪ್ಪ ಟವೆಲ್, ಒಂದು ಜೊತೆ ದಪ್ಪ ಕೈಗವಸು ಗೂಡಿನ ಪಕ್ಕದಲ್ಲೇ ಇರಲಿ.

ಬಿಡಿಸಿದ ಮೇಲೆ ಎರಡನ್ನೂ ಬೇರೆ ಬೇರೆ ಇಟ್ಟು, ತುಪ್ಪಳ ಬಿಡಿಸಿ ಮೈಯೆಲ್ಲ ನೋಡಿ. ಕಣ್ಣಿನ ಸುತ್ತ, ಕಿವಿಯ ಅಂಚು, ಸೊಂಟ, ಹೊಟ್ಟೆ, ತೊಡೆಸಂದಿ. ಹಲ್ಲಿನ ಗಾಯ ಹೊರಗೆ ಚುಕ್ಕಿಯಷ್ಟೇ ಇರುತ್ತದೆ, ಒಳಗೆ ಆಳವಾಗಿರುತ್ತದೆ. ಮೊಲದ ಕೀವು ಗಟ್ಟಿ. ತಾನಾಗಿ ಹರಿದು ಹೊರಬರುವುದು ಕಡಿಮೆ. ಅದಕ್ಕೇ ಕೆಲವು ದಿನ ಬಿಟ್ಟು ಗಂಟು ಕಾಣಿಸಿಕೊಳ್ಳುತ್ತದೆ. ಕಚ್ಚಿದ ಗಾಯ ಎಷ್ಟೇ ಚಿಕ್ಕದಿದ್ದರೂ ಪಶುವೈದ್ಯರಿಗೆ ತೋರಿಸಿ.

ಇನ್ನೊಂದು ಗುರುತನ್ನು ಬಹಳ ಜನ ತಲೆಕೆಳಗಾಗಿ ಓದುತ್ತಾರೆ. ಒಂದು ಮೊಲ ಇನ್ನೊಂದರ ಮುಂದೆ ತಲೆ ತಗ್ಗಿಸಿ, ಅದರ ಗದ್ದದ ಕೆಳಗೆ ನುಗ್ಗಿಸಿ ಕೂತರೆ, ಪಾಪ, ಶರಣಾಗಿದೆ ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಅದು ನನ್ನ ತಲೆ ನೆಕ್ಕು ಎಂಬ ಅಪ್ಪಣೆ. ನೆಕ್ಕಿಸಿಕೊಳ್ಳುವುದೇ ಸಾಮಾನ್ಯವಾಗಿ ಮೇಲಿನದು, ನೆಕ್ಕುವುದು ಕೆಳಗಿನದು. ಎರಡೂ ತಲೆ ತಗ್ಗಿಸಿ, ಎರಡೂ ನೆಕ್ಕದೆ ಕೂತಿದ್ದರೆ ತೀರ್ಮಾನ ಇನ್ನೂ ಆಗಿಲ್ಲ ಅಂತ ಅರ್ಥ. ಸ್ವಲ್ಪ ಹೊತ್ತಿಗೆ ಒಂದಕ್ಕೆ ತಾಳ್ಮೆ ತಪ್ಪಿ ಚಿವುಟುತ್ತದೆ. ಇಂಥ ಹೊತ್ತಿನಲ್ಲಿ ನೀವೇ ಎರಡರ ಹಣೆಯನ್ನೂ ಒಟ್ಟಿಗೆ ಸವರಿ. ಎರಡಕ್ಕೂ ಇನ್ನೊಂದು ತನ್ನನ್ನು ಉಪಚರಿಸುತ್ತಿದೆ ಎನಿಸುವಂತೆ ಕಾಣುತ್ತದೆ, ಬಿಗಿ ಸಡಿಲವಾಗುತ್ತದೆ.

ಪರೀಕ್ಷೆ ಒಂದು: ಮೈಯಲ್ಲಿ ನೋವು

ತುಂಬಾ ಕಾಲದಿಂದ ಚೆನ್ನಾಗಿದ್ದ ಜೋಡಿ ಇದ್ದಕ್ಕಿದ್ದಂತೆ ಕೆಟ್ಟರೆ ಬೇರೇನನ್ನೂ ಯೋಚಿಸುವ ಮೊದಲು ವೈದ್ಯರ ಹತ್ತಿರ ಹೋಗಿ. ಎರಡನ್ನೂ ಕರೆದುಕೊಂಡು ಹೋಗಿ. ಕಚ್ಚುವ ಮೊಲಕ್ಕೆ ನೋವಿರಬಹುದು, ಮುಟ್ಟಿದರೆ ಸಾಕು ಅದು ಸಿಡುಕುತ್ತದೆ. ಕಚ್ಚಿಸಿಕೊಳ್ಳುವ ಮೊಲಕ್ಕೂ ಕಾಯಿಲೆ ಇರಬಹುದು, ಅದು ಸೊರಗಿದ್ದನ್ನು ನೋಡಿ ಇನ್ನೊಂದು ಮೇಲಿನ ಸ್ಥಾನಕ್ಕೆ ಕೈಹಾಕಿರಬಹುದು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಹಿಂಬದಿಯ ಹಲ್ಲು ಸವೆಯದೆ ಚೂಪಾಗಿ ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತಿದ್ದರೆ ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ವಯಸ್ಸಾದ ಮೊಲಕ್ಕೆ ಕೀಲುನೋವು ಮಾಮೂಲು. ಕಿವಿ, ಮೂತ್ರಚೀಲ, ಅಂಗಾಲಿನ ಹುಣ್ಣು, ಇವನ್ನೂ ನೋಡಲು ಹೇಳಿ.

ಬೇಟೆಗೆ ಸಿಗುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ. ಅದಕ್ಕೆ ಮೊಲ ಸಾಕುವವರ ಮನೆಯಲ್ಲಿ ಒಂದು ತೂಕದ ಯಂತ್ರ ಇರಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಡುಗೆಮನೆಯ ತಕ್ಕಡಿಯೇ ಸಾಕು. ವಾರಕ್ಕೊಮ್ಮೆ ಎರಡನ್ನೂ ತೂಗಿ ಬರೆದಿಡಿ. ದಬ್ಬಾಳಿಕೆಯ ಜೋಡಿಯಲ್ಲಿ ಕೆಳಗಿನದು ಎಷ್ಟೋ ಸಲ ಗದ್ದಲವನ್ನೇ ಮಾಡುವುದಿಲ್ಲ. ಮೂಲೆಯಲ್ಲಿ ಕೂರುತ್ತದೆ, ಮೇಲಿನದು ಎದ್ದು ಹೋಗುವವರೆಗೆ ಕಾಯುತ್ತದೆ, ಉಳಿದದ್ದು ತಿನ್ನುತ್ತದೆ. ನಮಗೆ ಜಗಳ ಕಾಣುವುದಿಲ್ಲ, ಎಲ್ಲ ಶಾಂತವಾಗಿದೆ ಅನಿಸುತ್ತದೆ. ಆ ಮೊಲದ ಪರವಾಗಿ ಮಾತಾಡುವುದು ತೂಕದ ಅಂಕಿ ಒಂದೇ. ತೂಕ ವಾರವಾರಕ್ಕೂ ಇಳಿಯುತ್ತಿದ್ದರೆ ಕಾಯಬೇಡಿ. ಇನ್ನು ಯಾವುದೇ ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದು ತುರ್ತು. ಕರುಳು ನಿಂತರೆ ಮೊಲ ಬೇಗ ಕೈತಪ್ಪುತ್ತದೆ.

ಆಸ್ಪತ್ರೆಗೆ ಎರಡನ್ನೂ ಒಯ್ಯಿ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಒಂದನ್ನೇ ಒಯ್ದು ತಂದರೆ ಅದರ ಮೈವಾಸನೆ ಬದಲಾಗಿರುತ್ತದೆ. ಮನೆಯಲ್ಲಿದ್ದದ್ದು ಅದನ್ನು ಹೊಸಬರಂತೆ ಕಂಡು ಮೇಲೆ ಬೀಳಬಹುದು. ಹಳೆಯ ಜೋಡಿಗಳು ಮುರಿಯುವುದು ಹೀಗೂ ಉಂಟು.

ಪರೀಕ್ಷೆ ಎರಡು: ಹಾರ್ಮೋನು

ಮೊದಲನೆಯ ಪ್ರಶ್ನೆ: ಯಾವುದು ಗಂಡು, ಯಾವುದು ಹೆಣ್ಣು, ಖಚಿತವಾಗಿ ಗೊತ್ತೇ? ಚಿಕ್ಕ ಮರಿಗಳಲ್ಲಿ ತಪ್ಪು ಆಗುವುದು ಬಹಳ. ಎರಡೂ ಹೆಣ್ಣು ಅಂತ ಹೇಳಿ ಕೊಟ್ಟ ಜೋಡಿಯಲ್ಲಿ ಒಂದು ಗಂಡಾಗಿರುತ್ತದೆ. ವೈದ್ಯರಿಂದ ಒಮ್ಮೆ ನೋಡಿಸಿಬಿಡಿ. ಗಂಡು ಹೆಣ್ಣು ಒಟ್ಟಿಗಿದ್ದರೆ ಸುಮಾರು 31 ದಿನಕ್ಕೆ ಮರಿಗಳು. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬ ಕಟ್ಟಬಲ್ಲದು.

ಎರಡನೆಯ ಪ್ರಶ್ನೆ: ವಯಸ್ಸೆಷ್ಟು? ತಳಿಯ ಗಾತ್ರ ನೋಡಿಕೊಂಡು 3ರಿಂದ 6 ತಿಂಗಳ ಒಳಗೆ ಮೊಲ ಪ್ರಾಯಕ್ಕೆ ಬರುತ್ತದೆ. ಚಿಕ್ಕ ತಳಿಗಳು ಬೇಗ. ಒಟ್ಟಿಗೆ ಹುಟ್ಟಿ ಬೆಳೆದ ಮರಿಗಳು ಈ ಹೊತ್ತಿಗೆ ಸರಿಯಾಗಿ ಕಿತ್ತಾಡಲು ಶುರುಮಾಡುತ್ತವೆ. ಅಣ್ಣತಮ್ಮ, ಅಕ್ಕತಂಗಿ ಎಂಬ ಸಂಬಂಧ ಅದನ್ನು ತಡೆಯುವುದಿಲ್ಲ. ಗಂಡುಗಳು ಗೋಡೆಗೆ, ನಿಮ್ಮ ಬಟ್ಟೆಗೆ, ಜೊತೆಯ ಮೊಲಕ್ಕೆ ಮೂತ್ರ ಚಿಮುಕಿಸುತ್ತವೆ. ಹೆಣ್ಣುಗಳು ಗೂಡಿಗೆ ಕೈ ಹಾಕಿದರೆ ಹಾರಿ ಬರುತ್ತವೆ.

ಇಲ್ಲಿ ಉಪಾಯ ಒಂದೇ, ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ. ಒಂದಕ್ಕೆ ಮಾಡಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಮರಿಗಳ ಚಿಂತೆ ತಪ್ಪಬಹುದು, ಜಗಳ ತಪ್ಪುವುದಿಲ್ಲ. ಹೆಣ್ಣಿಗೆ ಇದರಿಂದ ಇನ್ನೊಂದು ದೊಡ್ಡ ಲಾಭ. ಶಸ್ತ್ರಚಿಕಿತ್ಸೆ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಜಾಸ್ತಿ. ಮೊಲಗಳಿಗೆ ಅರಿವಳಿಕೆ ಕೊಟ್ಟು ಅನುಭವ ಇರುವ ವೈದ್ಯರನ್ನೇ ಹುಡುಕಿ. ನಾಯಿಗೆ ಮಾಡಿಸುವಂತೆ ಹಿಂದಿನ ರಾತ್ರಿಯಿಂದ ಉಪವಾಸ ಇಡಬೇಡಿ. ಮೊಲಕ್ಕೆ ವಾಂತಿ ಆಗುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ತೊಂದರೆಯೇ ಹೆಚ್ಚು.

ಶಸ್ತ್ರಚಿಕಿತ್ಸೆ ಆದ ಮರುದಿನ ಎಲ್ಲ ಶಾಂತವಾಗುತ್ತದೆ ಅಂತ ಕಾಯಬೇಡಿ. ಹಾರ್ಮೋನು ಇಳಿಯಲು 4ರಿಂದ 8 ವಾರ ಬೇಕು. ಗಂಡಿಗೆ ಮುಂದಿನ ಕೆಲವು ವಾರಗಳವರೆಗೂ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ, ಸುಮಾರು 6 ವಾರ ಬೇರೆ ಇಡುವುದು ಕ್ಷೇಮ. ಈ ಅವಧಿಯಲ್ಲಿ ಶಸ್ತ್ರಚಿಕಿತ್ಸೆ ಆಗದ ಹೆಣ್ಣಿನ ಜೊತೆ ಬಿಡಲೇಬೇಡಿ.

ಹೆಣ್ಣು ಇದ್ದಕ್ಕಿದ್ದಂತೆ ಬಾಯಿ ತುಂಬ ಹುಲ್ಲು ಹೊತ್ತು ಓಡಾಡುತ್ತಿದ್ದರೆ, ಎದೆಯ ತುಪ್ಪಳ ಕಿತ್ತು ಗೂಡು ಮಾಡುತ್ತಿದ್ದರೆ, ಜೊತೆಯದನ್ನು ಹತ್ತಿರ ಬಿಡದಿದ್ದರೆ, ಅದು ಹುಸಿ ಗಬ್ಬ ಇರಬಹುದು. ಗಂಡಿನ ಸಂಗವೇ ಬೇಕಿಲ್ಲ, ಇನ್ನೊಂದು ಹೆಣ್ಣು ಮೇಲೇರಿದರೂ ಹೀಗಾಗುತ್ತದೆ. 16ರಿಂದ 18 ದಿನದಲ್ಲಿ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಆ ಗೂಡನ್ನು ಕೆಡವಬೇಡಿ, ಇನ್ನೊಂದಕ್ಕೆ ಬೇರೆ ಮೂಲೆ ಮಾಡಿಕೊಡಿ. ಮತ್ತೆ ಮತ್ತೆ ಆಗುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಮುಂದೂಡಬೇಡಿ.

ಪರೀಕ್ಷೆ ಮೂರು: ಜಾಗ

ಮೈ ಸರಿಯಿದೆ, ಹಾರ್ಮೋನೂ ಇಳಿದಿದೆ, ಆದರೂ ಅಟ್ಟಾಟ ನಿಂತಿಲ್ಲ. ಈಗ ಒಂದು ಕಾಗದದ ಮೇಲೆ ಅವುಗಳ ಜಾಗದ ಚಿತ್ರ ಬರೆಯಿರಿ. ಬಟ್ಟಲು ಎಲ್ಲಿ, ಹುಲ್ಲು ಎಲ್ಲಿ, ಲಿಟರ್ ಟ್ರೇ (ಹಿಕ್ಕೆ, ಮೂತ್ರಕ್ಕೆ ಇಟ್ಟ ತಟ್ಟೆ) ಎಲ್ಲಿ, ಅಡಗುವ ಪೆಟ್ಟಿಗೆ ಎಲ್ಲಿ. ಕೆಲವು ದಿನ, ಜಗಳ ಶುರುವಾದ ಜಾಗಕ್ಕೆಲ್ಲ ಒಂದು ಗುರುತು ಹಾಕಿ, ಪಕ್ಕದಲ್ಲಿ ಹೊತ್ತು ಬರೆಯಿರಿ. ಗುರುತುಗಳು ಒಂದೇ ಕಡೆ ಗುಂಪಾದರೆ ಅಲ್ಲೇ ದೋಷ ಇದೆ. ಆ ವಸ್ತುವನ್ನು ಬೇರೆ ಮೂಲೆಗೆ ಸರಿಸಿ ನೋಡಿ. ಜಗಳವೂ ಅದರ ಹಿಂದೆಯೇ ಹೋದರೆ ತಕರಾರು ವಸ್ತುವಿನದು. ಜಗಳ ಹಳೆಯ ಜಾಗದಲ್ಲೇ ಉಳಿದರೆ ತಕರಾರು ಆ ಮೂಲೆಯದು. ಗುರುತುಗಳು ಎಲ್ಲೆಡೆ ಚೆದುರಿದ್ದರೆ ಮತ್ತೆ ಮೊದಲ ಎರಡು ಪರೀಕ್ಷೆಗೆ ಹೋಗಿ, ಏನೋ ಬಿಟ್ಟುಹೋಗಿದೆ.

ವಸ್ತುವಿನ ತಕರಾರಿಗೆ ಮದ್ದು ಸುಲಭ: ಎಲ್ಲವೂ ಎರಡೆರಡು. ಆದರೆ ಎರಡು ಬಟ್ಟಲನ್ನು ಅಕ್ಕಪಕ್ಕ ಇಟ್ಟರೆ ಒಂದೇ ಮೊಲ ಎರಡನ್ನೂ ಕಾಯುತ್ತದೆ. ಒಂದರಿಂದ ನೋಡಿದರೆ ಇನ್ನೊಂದು ಕಾಣದಷ್ಟು ದೂರ ಇರಲಿ. ಪೆಲೆಟ್‌ಗೆ ಬಟ್ಟಲೇ ಬೇಡ, ನೆಲದ ಮೇಲೆ ಅಗಲವಾಗಿ ಚೆಲ್ಲಿ. ಚೆಲ್ಲಿದ್ದನ್ನು ಕಾಯಲು ಯಾವ ಮೊಲಕ್ಕೂ ಆಗುವುದಿಲ್ಲ, ಅಲ್ವಾ? ಒಣಹುಲ್ಲು ಹೇಗೂ ಯಾವಾಗಲೂ ಇರಬೇಕು, ಅದನ್ನು ಮೂರು ಕಡೆ ಹಾಕಿದರೂ ಸರಿ.

ಅಡಗುವ ಪೆಟ್ಟಿಗೆಗೆ ಎರಡು ಬಾಗಿಲು ಇರಲೇಬೇಕು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದೇ ಬಾಗಿಲಿನ ಪೆಟ್ಟಿಗೆಯಲ್ಲಿ ಕೆಳಗಿನ ಮೊಲ ಸಿಕ್ಕಿಹಾಕಿಕೊಂಡರೆ ಅದಕ್ಕೆ ಓಡಲು ದಾರಿ ಇಲ್ಲ. ಓಡಿದ್ದರೆ ಅಲ್ಲಿಗೇ ಮುಗಿಯುತ್ತಿದ್ದ ಅಟ್ಟಾಟ, ದಾರಿ ಮುಚ್ಚಿದ ಕಾರಣಕ್ಕೇ ರಕ್ತ ಬರುವವರೆಗೆ ಹೋಗುತ್ತದೆ. ರಟ್ಟಿನ ಡಬ್ಬಕ್ಕೆ ಇನ್ನೊಂದು ಕಿಂಡಿ ಕೊರೆಯಲು ಐದು ನಿಮಿಷ ಸಾಕು. ಮೂಲೆಗಳಲ್ಲಿ ಹೀಗೆ ದಾರಿ ಮುಗಿದುಹೋಗುವ ಸಂದಿಗಳಿದ್ದರೆ ಮುಚ್ಚಿಬಿಡಿ.

ಒಟ್ಟು ಜಾಗದ ಅಳತೆಗೆ, ಜೋಡಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ ಅನ್ನುವುದು ಮೊಲಗಳ ಕ್ಷೇಮ ನೋಡುವವರು ಹೇಳುವ ಕನಿಷ್ಠ. ಅದೂ ದಿನವಿಡೀ ತೆರೆದಿರಬೇಕು. ಚಿಕ್ಕ ಪಂಜರದಲ್ಲಿ ಎರಡನ್ನು ಕೂಡಿಟ್ಟು ಜಗಳ ಆಡಬೇಡಿ ಅನ್ನುವುದು ಅವುಗಳಿಗೆ ಅನ್ಯಾಯ.

ಶುಚಿ ಮಾಡುವುದರಲ್ಲೂ ಒಂದು ಎಚ್ಚರ. ಮೊಲದ ಗದ್ದದ ಕೆಳಗೆ ವಾಸನೆಯ ಗ್ರಂಥಿಗಳಿವೆ. ಬಟ್ಟಲಿಗೆ, ಗೋಡೆಗೆ, ನಿಮ್ಮ ಕಾಲಿಗೆ ಗದ್ದ ಉಜ್ಜುವುದು ಇದು ನನ್ನದು ಎಂದು ಗುರುತು ಹಾಕಲು. ನೀವು ಒಂದೇ ದಿನ ಇಡೀ ಗೂಡನ್ನು ತಿಕ್ಕಿ ತೊಳೆದರೆ ಆ ಗುರುತೆಲ್ಲ ಹೋಗಿ ಲೆಕ್ಕ ಮೊದಲಿನಿಂದ ಶುರು. ಇವತ್ತು ಅರ್ಧ, ಇನ್ನೊಂದು ದಿನ ಅರ್ಧ ತೊಳೆಯಿರಿ. ಹಳೆಯ ಹುಲ್ಲು ಒಂದು ಹಿಡಿ ಹೊಸದರ ಜೊತೆ ಉಳಿಸಿ.

ಪರೀಕ್ಷೆ ನಾಲ್ಕು: ನಾವು

ಗುರುತುಗಳೆಲ್ಲ ನೀವು ಕೂತ ಜಾಗದ ಸುತ್ತಲೇ ಇದ್ದರೆ, ಜಗಳ ಹುಟ್ಟುವುದು ನಿಮ್ಮ ಕೈಯ ಹತ್ತಿರ. ಜನ ಹೊಟ್ಟೆಕಿಚ್ಚು ಎನ್ನುವುದು ಹೆಚ್ಚಾಗಿ ಇದನ್ನೇ. ಮೊಲ ನಿಮ್ಮನ್ನು ಒಂದು ಒಳ್ಳೆಯ ಜಾಗದಂತೆ, ತಿಂಡಿ ಸಿಗುವ ಮೂಲೆಯಂತೆ ಕಾಯುತ್ತದೆ. ಪ್ರೀತಿಯೂ ಅದರಲ್ಲಿ ಸೇರಿದೆ ಎಂದೇ ನಾನು ನಂಬುತ್ತೇನೆ.

ನೆಲದ ಮೇಲೆ ಕೂತುಕೊಳ್ಳಿ. ಒಂದು ಕೈ ಒಂದರ ಮೇಲೆ, ಇನ್ನೊಂದು ಕೈ ಇನ್ನೊಂದರ ಮೇಲೆ. ತಿಂಡಿ ಕೊಡುವಾಗ ಮೊದಲು ಮೇಲಿನದಕ್ಕೆ, ಕೂಡಲೇ ಕೆಳಗಿನದಕ್ಕೆ. ಪಾಪ ಅಂತ ಕೆಳಗಿನದಕ್ಕೆ ಮೊದಲು ಕೊಟ್ಟರೆ, ಆಮೇಲೆ ನೀವಿಲ್ಲದಾಗ ಅದಕ್ಕೇ ಏಟು. ಕೆಳಗಿನದಕ್ಕೆ ಜಾಸ್ತಿ ಆರೈಕೆ ಬೇಕಿದ್ದರೆ, ಮೇಲಿನದು ಬೇರೆ ಕಡೆ ಹುಲ್ಲು ಮೆಲ್ಲುತ್ತಿರುವಾಗ ಮಾಡಿ.

ಅಟ್ಟುವಾಗ ಕೆಳಗಿನದನ್ನು ಎತ್ತಿಕೊಂಡು ಕಾಪಾಡಲು ಹೋಗಬೇಡಿ, ಗಾಯ ಆಗುವ ಹೊಡೆದಾಟ ಬಿಟ್ಟು. ಮಧ್ಯದಲ್ಲಿ ನಿಂತ ತಕರಾರು ಇಳಿಸಿದ ತಕ್ಷಣ ಅಲ್ಲಿಂದಲೇ ಮುಂದುವರಿಯುತ್ತದೆ. ಕೂಗುವುದು, ನೀರು ಎರಚುವುದು, ಮೂಗಿಗೆ ತಟ್ಟುವುದು ಬೇಡವೇ ಬೇಡ. ಮೊಲಕ್ಕೆ ಶಿಕ್ಷೆ ಅರ್ಥವಾಗುವುದಿಲ್ಲ, ಭಯ ಅರ್ಥವಾಗುತ್ತದೆ. ಆ ಭಯ ಪಕ್ಕದಲ್ಲಿರುವ ಮೊಲಕ್ಕೆ ಅಂಟಿಕೊಳ್ಳುತ್ತದೆ.

ಕೈ ಚಾಚಿದರೆ ಕಚ್ಚುತ್ತದೆ ಎನ್ನುವವರು ಒಂದು ವಿಷಯ ಗಮನಿಸಿ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಮೂಗಿನ ಮುಂದೆಯೇ, ಗದ್ದದ ಕೆಳಗೇ ಅದಕ್ಕೆ ಕಾಣುವುದಿಲ್ಲ. ನೇರ ಮೂಗಿನ ಹತ್ತಿರ ಬಂದ ಕೈಗೆ ಬೆಚ್ಚಿ ಬಾಯಿ ಹಾಕುತ್ತದೆ. ಪಕ್ಕದಿಂದ ಬಂದು ಹಣೆಯ ಮೇಲೆ ಮುಟ್ಟಿ.

ಜೋಡಿ ಪೂರ್ತಿ ಮುರಿದಿದ್ದರೆ

ರಕ್ತ ಬಂದಿದೆ, ಕಂಡರೆ ಸಾಕು ಮೇಲೆ ಬೀಳುತ್ತವೆ ಅನ್ನುವಾಗ ಹೊಸ ಜೋಡಿಯಂತೆ ಮೊದಲಿನಿಂದ ಶುರುಮಾಡಬೇಕು. ಅಕ್ಕಪಕ್ಕದ ಎರಡು ಆವರಣ, ನಡುವೆ ಎರಡು ಸಾಲು ಜಾಲರಿ, ಸಾಲುಗಳ ನಡುವೆ ನಾಲ್ಕು ಬೆರಳಿನಷ್ಟು ಸಂದಿ. ಒಂದೇ ಜಾಲರಿ ಇದ್ದರೆ ಮೂಗು, ಕಾಲ್ಬೆರಳು ಕಚ್ಚಿಸಿಕೊಳ್ಳುತ್ತವೆ. ದಿನವೂ ಲಿಟರ್ ಟ್ರೇ ಅದಲುಬದಲು ಮಾಡಿ, ಕೆಲವು ದಿನವಾದ ಮೇಲೆ ಮೊಲಗಳನ್ನೇ ಅದಲುಬದಲು ಮಾಡಿ. ಊಟ ಜಾಲರಿಯ ಹತ್ತಿರವೇ ಇಡಿ. ಜಾಲರಿಯ ಎರಡು ಕಡೆ ಮೈ ಚಾಚಿ ಮಲಗಲು ಶುರುವಾಗುವವರೆಗೆ ಮುಂದಿನ ಹೆಜ್ಜೆ ಬೇಡ.

ಆಮೇಲೆ ಎರಡೂ ಎಂದೂ ಕಾಲಿಡದ ಜಾಗದಲ್ಲಿ ಭೇಟಿ. ಮೊದಮೊದಲು ಕೆಲವೇ ನಿಮಿಷ. ಇನ್ನೂ ಶಾಂತವಾಗಿರುವಾಗಲೇ ಮುಗಿಸಿ, ಹೊತ್ತನ್ನು ನಿಧಾನವಾಗಿ ಹೆಚ್ಚಿಸಿ. ಕಾರಿನಲ್ಲಿ ಕೂರಿಸಿ ಸುತ್ತಾಡಿಸಿದರೆ ಹೆದರಿ ಒಂದಾಗುತ್ತವೆ ಅನ್ನುವ ಸಲಹೆ ನಿಮ್ಮ ಕಿವಿಗೂ ಬೀಳಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಹೆದರಿ ಅಲುಗಾಡದೆ ಕೂತ ಮೊಲಗಳನ್ನು ನೋಡಿ ಸ್ನೇಹವಾಯಿತು ಅಂದುಕೊಳ್ಳುತ್ತೇವೆ, ಅಷ್ಟೇ. ಆ ಒತ್ತಡಕ್ಕೆ ಕರುಳು ನಿಲ್ಲುವ ಅಪಾಯವೂ ಇದೆ. ಅಟ್ಟುವುದು, ಮೇಲೇರುವುದು ಯಾವುದೂ ಇಲ್ಲದೆ ನಿಮ್ಮ ಕಣ್ಣೆದುರೇ 48 ಗಂಟೆ ಕಳೆದ ಮೇಲೆ ಮಾತ್ರ ಎರಡನ್ನೇ ಬಿಟ್ಟು ಹೋಗಿ.

ಕೆಲವು ಜೋಡಿಗಳು ಎಷ್ಟು ಮಾಡಿದರೂ ಕೂಡುವುದಿಲ್ಲ. ಮತ್ತೆ ಮತ್ತೆ ಗಾಯ, ಒಂದರ ತೂಕ ಇಳಿಯುತ್ತಲೇ ಇದೆ ಅಂದರೆ ಒತ್ತಾಯ ನಿಲ್ಲಿಸಿ. ಮೂರನೆಯದನ್ನು ತಂದರೆ ಸರಿಹೋಗಬಹುದು ಎಂಬ ಆಸೆಯೂ ಬೇಡ, ತಕರಾರಿಗೆ ಇನ್ನೊಬ್ಬರು ಸೇರುತ್ತಾರೆ. ಅಕ್ಕಪಕ್ಕದ ಆವರಣವನ್ನೇ ಕಾಯಂ ಮಾಡಿ. ಜಾಲರಿಯ ಮೂಲಕ ಒಂದಕ್ಕೆ ಇನ್ನೊಂದರ ವಾಸನೆ, ಸದ್ದು, ಜೊತೆ ಸಿಗುತ್ತಲೇ ಇರುತ್ತದೆ. ಜಾಲರಿಯ ಅರ್ಧ ಉದ್ದಕ್ಕೆ ಹಲಗೆ ಮುಚ್ಚಿ, ನೋಡುವುದು ಬೇಡವೆನಿಸಿದಾಗ ಎರಡೂ ಮರೆಗೆ ಹೋಗುವಂತಿರಲಿ. ಹೊರಗೆ ಓಡಾಡುವ ಸರದಿ ಒಂದಾದ ಮೇಲೆ ಒಂದರದು. ಒಂದು ಹೊರಗಿರುವಾಗ ಇನ್ನೊಂದರ ಜಾಲರಿಯ ಹತ್ತಿರ ಹೋಗದಂತೆ ಮುಂದೆ ಒಂದು ಅಡ್ಡ ಹಲಗೆ ಇಡಿ.